‘ಇವತ್ತು ಆಡುವುದು ಬೇಡ’

ಊರು ಯಾವುದು ಅಂತ ಬೆಂಗಳೂರಿನಲ್ಲಿ ಯಾರಾದರೂ ಕೇಳಿದರೆ ನಾನು ಕಬಕ ಅಂತೇನೆ. ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಮಂಗಳೂರಿಗೆ ರೈಲಿನಲ್ಲಿ ಹೋಗಿ ಬಂದವರಿಗೆ ಮಾತ್ರ ‘ಕಬಕ ಪುತ್ತೂರು’ ಎನ್ನುವ ಸ್ಟೇಷನ್ ಬೋರ್ಡು ನೆನಪಿರುತ್ತದೆ. ಉಳಿದವರಿಗೆ ಪುತ್ತೂರು ಅಂತ ಬಿಡಿಸಿ ಹೇಳಿದ ಕೂಡಲೇ ಮುಖ ಅರಳುತ್ತದೆ: ‘ಓ, ಮೂಳೆ ಕಟ್ತಾರಲ್ಲ, ಆ ಪುತ್ತೂರಾ?’ ಅಲ್ಲ ಮಾರಾಯ್ರೆ. ಗಲ್ಲಿ ಗಲ್ಲಿಯಲ್ಲಿ ಬೋರ್ಡು ಕಾಣುವ ಆ ‘ಪುತ್ತೂರು ಕಟ್ಟು’ ಆಂಧ್ರದ, ತಿರುಪತಿ ಕಡೆಯ ಪುತ್ತೂರಿನದು. ನಮ್ಮದು ಅಡಿಕೆಯ, ಮಳೆಯ, ಮಹಾಲಿಂಗೇಶ್ವರನ ಪುತ್ತೂರು. ಕಬಕ ಅಂದರೆ ಅದಕ್ಕಿಂತ ಸ್ವಲ್ಪ ಮೊದಲು, ವಿಟ್ಲದ ರಸ್ತೆ ಕವಲೊಡೆಯುವ ಜಾಗ.

ಈ ಗೊಂದಲದಿಂದಾಗಿ ನನ್ನ ಹತ್ತಿರ ಸಲಹೆ ಕೇಳುವವರೂ ಇದ್ದಾರೆ. ವಾರಕ್ಕೊಮ್ಮೆ ಟರ್ಫ್‌ನಲ್ಲಿ ಫುಟ್‌ಬಾಲ್ ಆಡಿ ಮಂಡಿ ತಿರುಚಿಕೊಂಡ ಆಫೀಸಿನ ಗೆಳೆಯರು ‘ನಿಮ್ಮೂರಲ್ಲಿ ಕಟ್ಟು ಹಾಕಿಸಿದ್ರೆ ಸರಿ ಹೋಗುತ್ತಾ?’ ಅಂತಾರೆ. ಊರಿನ ಗೊಂದಲ ಬಗೆಹರಿಸಿದ ಮೇಲೂ ಒಂದು ದೊಡ್ಡ ಗೊಂದಲ ಉಳಿಯುತ್ತದೆ. ಮೂಳೆ ಬೇರೆ, ಲಿಗಮೆಂಟ್ ಬೇರೆ. ಮುರಿದ ಮೂಳೆಯನ್ನು ಅಲ್ಲಾಡದ ಹಾಗೆ ಹಿಡಿದಿಟ್ಟರೆ ಅದು ತಾನಾಗಿ ಕೂಡಿಕೊಳ್ಳುವ ಜಾತಿ. ಮಂಡಿಯ ಒಳಗೆ ಅಡ್ಡಡ್ಡ ಹಾದುಹೋಗುವ ಕ್ರೂಷಿಯೇಟ್ ಲಿಗಮೆಂಟ್ ಒಮ್ಮೆ ಪೂರ್ತಿ ಹರಿದರೆ ಸಾಮಾನ್ಯವಾಗಿ ಹಾಗೆ ಕೂಡುವುದಿಲ್ಲ. ಈ ಸಣ್ಣ ವ್ಯತ್ಯಾಸ ತಿಳಿಯಲು, ತಿಳಿದ ಮೇಲೆ ಏನು ಮಾಡಬೇಕೆಂದು ಕಲಿಯಲು ವೈದ್ಯರಿಗೆ ನೂರು ವರ್ಷ ಹಿಡಿಯಿತು. ಆ ನೂರು ವರ್ಷದ ಫೀಸು ಕಟ್ಟಿದವರಲ್ಲಿ ಫುಟ್‌ಬಾಲಿಗರು ದೊಡ್ಡ ಸಂಖ್ಯೆಯಲ್ಲಿದ್ದಾರೆ.

ಈ ಕಥೆಯನ್ನು ಓದುತ್ತಾ ಹೋದ ಹಾಗೆ ನನಗೆ ಆಪರೇಷನ್ನಿಗಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಬೇರೊಂದು ಪ್ರಶ್ನೆ. ಮಂಡಿ ನೋಯುತ್ತಿರುವ ಆಟಗಾರನಿಗೆ ‘ಇವತ್ತು ಆಡುವುದು ಬೇಡ’ ಅಂತ ಹೇಳುವ ಅಧಿಕಾರ ಯಾರಿಗಿತ್ತು? ಹಾಗೆ ಹೇಳಿದರೆ ಆ ದಿನದ ಸಂಬಳ ಯಾರು ಕೊಡುತ್ತಿದ್ದರು?

ಬರಿಗಾಲಿನ ಕಾಲ

ಮೊದಲು ನಮ್ಮ ಬೆಂಗಳೂರಿನಿಂದಲೇ ಶುರು ಮಾಡೋಣ. 1948ರ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಫ್ರಾನ್ಸ್ ಎದುರು ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿದ್ದರು. ಎರಡು ಪೆನಾಲ್ಟಿ ಕೈತಪ್ಪಿದವು, 2-1ರಲ್ಲಿ ಸೋತೆವು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಮುಂದೆ ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಐವರು ಫಾರ್ವರ್ಡ್‌ಗಳನ್ನು ಜನ ‘ಪಂಚಪಾಂಡವರು’ ಅಂತ ಕರೆದಾಗ ಅವರಲ್ಲಿ ಒಬ್ಬರಾದವರು. ಇನ್ನೂ ಸ್ವಾರಸ್ಯ ಅಂದರೆ ತಂಡದ ನಾಯಕ ತಾಲಿಮೆರೆನ್ ಆವ್ ಕಲ್ಕತ್ತದಲ್ಲಿ ಡಾಕ್ಟರಿಕೆ ಓದುತ್ತಿದ್ದ ನಾಗಾ ಯುವಕ. ಮುಂದೆ ನಾಗಾಲ್ಯಾಂಡಿನ ಆರೋಗ್ಯ ಇಲಾಖೆಯ ನಿರ್ದೇಶಕರಾದರು.

ಬರಿಗಾಲಿನ ಕಾರಣಕ್ಕೇ ಭಾರತ 1950ರ ವಿಶ್ವಕಪ್‌ಗೆ ಹೋಗಲಿಲ್ಲ ಅನ್ನುವ ಕಥೆಯನ್ನು ನೀವೂ ಕೇಳಿರುತ್ತೀರಿ. ವಾಟ್ಸ್ಯಾಪ್ ಬರುವ ಎಷ್ಟೋ ಮೊದಲೇ ಫಾರ್ವರ್ಡ್ ಆದ ಕಥೆ ಅದು. ಆಗಿನ ನಾಯಕ ಶೈಲೇನ್ ಮನ್ನಾ ಅವರೇ ಮುಂದೆ ಅದನ್ನು ಅಲ್ಲಗಳೆದಿದ್ದಾರೆ. ಆ ಕಾಲಕ್ಕೆ ನಮ್ಮ ಫೆಡರೇಷನ್‌ಗೆ ವಿಶ್ವಕಪ್ ದೊಡ್ಡದಾಗಿ ಕಂಡಿರಲಿಲ್ಲ, ಒಲಿಂಪಿಕ್ಸೇ ದೊಡ್ಡದಾಗಿತ್ತು. ಬರಿಗಾಲಿಗೆ ಪೂರ್ಣವಿರಾಮ ಬಿದ್ದದ್ದು 1952ರಲ್ಲಿ. ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10-1ರಲ್ಲಿ ಮಣ್ಣು ಮುಕ್ಕಿಸಿತು. ಅದಾದ ಮೇಲೆ ಬೂಟು ಕಡ್ಡಾಯವಾಯಿತು.

ಬೂಟಿಗೂ ಮಂಡಿಗೂ ಏನು ಸಂಬಂಧ? ನಮ್ಮ ಮಂಡಿ ಹೆಚ್ಚುಕಡಿಮೆ ಬಾಗಿಲ ಬಿಜಾಗರಿಯ ಹಾಗೆ. ಮಡಚುವುದು, ಬಿಡಿಸುವುದು ಅದರ ಮುಖ್ಯ ಕೆಲಸ. ತಿರುಗುವುದಕ್ಕೆ ಇರುವ ಅವಕಾಶ ತೀರ ಸ್ವಲ್ಪ. ಕೆಳಗಿನ ಮೂಳೆ ಮುಂದಕ್ಕೆ ಜಾರದ ಹಾಗೆ, ಅತಿಯಾಗಿ ತಿರುಚದ ಹಾಗೆ ಹಿಡಿದಿಡುವುದು ಎಸಿಎಲ್, ಅಂದರೆ ಮುಂದಿನ ಕ್ರೂಷಿಯೇಟ್. ಎರಡು ಮೂಳೆಗಳ ನಡುವೆ ಒತ್ತಡ ಹಂಚುವ ಮೆತ್ತೆಯ ಹಾಗಿರುವುದು ಮೆನಿಸ್ಕಸ್. ಹಳೆಯ ಆಟಗಾರರು ಬರೀ ‘ಕಾರ್ಟಿಲೇಜ್’ ಅನ್ನುತ್ತಿದ್ದದ್ದು ಇದನ್ನೇ.

ಓಡುತ್ತಾ ಬಂದು ತಟ್ಟನೆ ದಿಕ್ಕು ಬದಲಿಸುವಾಗ ಬರಿಗಾಲು ಹುಲ್ಲಿನ ಮೇಲೆ ಒಂದಿಷ್ಟು ಜಾರುತ್ತದೆ. ಸ್ಟಡ್ಸ್ ಇರುವ ಬೂಟು ನೆಲ ಕಚ್ಚಿ ಹಿಡಿಯುತ್ತದೆ. ಪಾದ ಅಲ್ಲೇ, ದೇಹ ಆಚೆ. ನಡುವೆ ಸಿಕ್ಕಿಬಿದ್ದ ಮಂಡಿ ತಿರುಚುತ್ತದೆ. ಯಾರೂ ಮುಟ್ಟದೆಯೇ, ಒಬ್ಬನೇ ಇಳಿಯುವಾಗಲೋ ತಿರುಗುವಾಗಲೋ ಎಷ್ಟೋ ಎಸಿಎಲ್‌ಗಳು ಹರಿಯುವುದು ಹೀಗೆ. ಹಾಗಂತ ಬರಿಗಾಲೇ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಬರಿಗಾಲಿನವರ ಬೆರಳು, ಪಾದ, ಹಿಮ್ಮಡಿಯ ಗತಿ ಏನಾಗುತ್ತಿತ್ತೋ ಅವರಿಗೇ ಗೊತ್ತು. ಆದರೆ ನೆಲದ ಹಿಡಿತ ಹೆಚ್ಚಾದ ಹಾಗೆ, ಆಟದ ವೇಗ ಹೆಚ್ಚಾದ ಹಾಗೆ, ಹೊರೆ ಪಾದದಿಂದ ಮೇಲಕ್ಕೆ ಹತ್ತಿತು ಅನ್ನುವುದು ನಿಜ.

ಕರಾವಳಿಯವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ, ಯಾಕೆಂದರೆ ನಮ್ಮ ಕಬಡ್ಡಿಯೂ ಇದೇ ದಾರಿಯಲ್ಲಿ ಬಂತು. ನೀರು ಚಿಮುಕಿಸಿ ಹದ ಮಾಡಿದ ಮಣ್ಣಿನ ಅಂಕಣದಲ್ಲಿ ಬರಿಗಾಲಿನಲ್ಲಿ ಆಡುತ್ತಿದ್ದವರು ಮ್ಯಾಟಿಗೆ ಬಂದರು, ಶೂ ಹಾಕಿದರು. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಆಟ ಟಿವಿಗೆ ಬಂತು, ದುಡ್ಡು ಬಂತು. ಜೊತೆಗೆ ‘ಎಸಿಎಲ್ ಹೋಯ್ತಂತೆ’ ಅನ್ನುವ ಮಾತು ನಮ್ಮ ಕಡೆಯ ಚಾದಂಗಡಿಗೂ ಬಂತು.

1948ರಲ್ಲೇ ಬರೆದಿದ್ದರು

ಭಾರತದ ತಂಡ ಲಂಡನ್ನಿನಲ್ಲಿ ಬರಿಗಾಲಿನಲ್ಲಿ ಆಡಿದ ಅದೇ 1948ರಲ್ಲಿ ಫೇರ್‌ಬ್ಯಾಂಕ್ ಎಂಬ ಇಂಗ್ಲಿಷ್ ವೈದ್ಯ ಒಂದು ಲೇಖನ ಪ್ರಕಟಿಸಿದ. ಮೆನಿಸ್ಕಸ್ ತೆಗೆಸಿಕೊಂಡವರ ಮಂಡಿಯ ಎಕ್ಸ್‌ರೇಗಳನ್ನು ನೋಡಿ, ಕೀಲಿನಲ್ಲಿ ಸವೆತದ ಗುರುತುಗಳು ಕಾಣುತ್ತಿವೆ, ಹಾಗಾಗಿ ಈ ಆಪರೇಷನ್ ನಾವು ಅಂದುಕೊಂಡಷ್ಟು ನಿರುಪದ್ರವಿ ಅಲ್ಲ ಅಂತ ತೋರಿಸಿದ. ಆವರೆಗೆ ಮೆನಿಸ್ಕಸ್ ಎಂದರೆ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ ಅನ್ನುವ ಭಾಗ ಎಂದೇ ಹೆಚ್ಚಿನವರ ನಂಬಿಕೆ.

ಆದರೆ ಲೇಖನ ಬಂದ ಮಾತ್ರಕ್ಕೆ ಪದ್ಧತಿ ಬದಲಾಗುತ್ತದಾ? ಮುಂದಿನ ಎರಡು ಮೂರು ದಶಕವೂ ಬ್ರಿಟನ್ನಿನ ಫುಟ್‌ಬಾಲಿಗರಿಗೆ ‘ಕಾರ್ಟಿಲೇಜ್ ತೆಗೆಸಿಕೊಳ್ಳುವುದು’ ಹಲ್ಲು ಕೀಳಿಸಿದಷ್ಟೇ ಮಾಮೂಲಿ ಆಗಿತ್ತು. ಮಂಡಿ ಸಿಕ್ಕಿಹಾಕಿಕೊಳ್ಳುತ್ತದೆ, ಡಾಕ್ಟರು ಇಡೀ ಮೆನಿಸ್ಕಸ್ ತೆಗೆಯುತ್ತಾರೆ, ಸಿಕ್ಕಿಹಾಕಿಕೊಳ್ಳುವುದು ನಿಲ್ಲುತ್ತದೆ, ಆಟಗಾರ ಮೈದಾನಕ್ಕೆ ಮರಳುತ್ತಾನೆ. ಕ್ಲಬ್ಬಿಗೂ ಖುಷಿ, ಆಟಗಾರನಿಗೂ ಖುಷಿ. ಮೆತ್ತೆ ಇಲ್ಲದ ಕೀಲು ಸವೆದು ಸವೆದು ಬಿಲ್ಲು ಕಳಿಸುವುದು ಹತ್ತು ಹದಿನೈದು ವರ್ಷದ ಮೇಲೆ. ಆಗ ಕ್ಲಬ್ಬಿನ ಕಾಂಟ್ರಾಕ್ಟು ಮುಗಿದಿರುತ್ತದೆ.

ಇದರ ಜೊತೆಗೆ ಸೂಜಿಯೂ ಬಂತು. ಕಾರ್ಟಿಸೋನ್‌ನ ಪರಿಣಾಮವನ್ನು ಸಂಧಿವಾತದ ರೋಗಿಗಳಲ್ಲಿ ತೋರಿಸಿದ ಕೆಲಸಕ್ಕೆ 1950ರಲ್ಲಿ ನೊಬೆಲ್ ಸಿಕ್ಕಿತು. 1951ರ ಹೊತ್ತಿಗೆ ಆ ಜಾತಿಯ ಮದ್ದನ್ನು ನೇರ ಕೀಲಿನೊಳಕ್ಕೆ ಚುಚ್ಚುವುದು ಶುರುವಾಯಿತು. ಬಾವು ಇಳಿಯುತ್ತದೆ, ನೋವು ತಗ್ಗುತ್ತದೆ. ಸರಿಯಾದ ರೋಗಿಗೆ, ಸರಿಯಾದ ಅಂತರದಲ್ಲಿ ಕೊಟ್ಟರೆ ಇವತ್ತಿಗೂ ಅದು ಉಪಯೋಗದ ಮದ್ದೇ. ಆದರೆ ಶನಿವಾರದ ಮ್ಯಾಚಿಗೆ ಆಟಗಾರನನ್ನು ನಿಲ್ಲಿಸಲು ಅದು ಸುಲಭದ ದಾರಿಯೂ ಆಯಿತು. ನೋವು ಎಂದರೆ ಮಂಡಿ ಬಾರಿಸುವ ಗಂಟೆ. ಗಂಟೆಯ ಬಾಯಿ ಕಟ್ಟಿದರೆ ಬೆಂಕಿ ಆರುವುದಿಲ್ಲವಲ್ಲ.

ಆ ಕಾಲದ ಕ್ಲಬ್ಬುಗಳಲ್ಲಿ ಗಾಯ ನೋಡಿಕೊಳ್ಳುತ್ತಿದ್ದವನು ಹೆಚ್ಚಾಗಿ ಒಬ್ಬ ಹಳೆಯ ಆಟಗಾರ. ಕೈಯಲ್ಲಿ ಒಂದು ಬಕೆಟ್ ತಣ್ಣೀರು, ಒಂದು ಸ್ಪಂಜು. ಜನ ತಮಾಷೆಗೆ ಅದನ್ನು ‘ಮ್ಯಾಜಿಕ್ ಸ್ಪಂಜ್’ ಅನ್ನುತ್ತಿದ್ದರು. ಲಿವರ್‌ಪೂಲ್‌ನ ದೊಡ್ಡ ಮ್ಯಾನೇಜರ್ ಬಿಲ್ ಶಾಂಕ್ಲಿ ಗಾಯಗೊಂಡು ಕೂತ ಆಟಗಾರರನ್ನು ಮಾತೇ ಆಡಿಸುತ್ತಿರಲಿಲ್ಲ ಅನ್ನುವುದು ಅಲ್ಲಿನ ಫುಟ್‌ಬಾಲ್ ಲೋಕದ ಪ್ರಸಿದ್ಧ ಕಥೆ. ಮ್ಯಾನೇಜರ್ ಮುಖ ತಿರುಗಿಸಿ ಹೋಗುತ್ತಾನೆ ಅಂತ ಗೊತ್ತಿದ್ದರೆ ಯಾವ ಹುಡುಗ ಮಂಡಿ ನೋಯುತ್ತಿದೆ ಅಂತ ಬಾಯಿ ಬಿಡುತ್ತಾನೆ?

1962: ಒಂದು ಮೇ, ಒಂದು ಡಿಸೆಂಬರ್

1962ರಲ್ಲಿ ಎರಡು ಘಟನೆ ನಡೆದವು. ಒಂದಕ್ಕೊಂದು ಗೊತ್ತೇ ಇರಲಿಲ್ಲ.

ಮೇ ತಿಂಗಳಲ್ಲಿ ಟೋಕಿಯೊದ ಡಾಕ್ಟರ್ ಮಸಾಕಿ ವತನಬೆ, ಮಂಡಿಯನ್ನು ಪೂರ್ತಿ ಕೊಯ್ಯದೆ, ಸಣ್ಣ ತೂತಿನ ಮೂಲಕ ಕೊಳವೆ ತೂರಿಸಿ, ಹರಿದ ಮೆನಿಸ್ಕಸ್‌ನ ತುಂಡನ್ನಷ್ಟೇ ತೆಗೆದ. ರೋಗಿ 17 ವರ್ಷದ ಬಾಸ್ಕೆಟ್‌ಬಾಲ್ ಹುಡುಗ. ವತನಬೆಯ ಗುರು ಕೆಂಜಿ ತಕಗಿ 1918ರಲ್ಲೇ, ಮೂತ್ರಕೋಶ ನೋಡುವ ಕೊಳವೆಯನ್ನು ಶವದ ಮಂಡಿಯೊಳಗೆ ಇಳಿಸಿ ನೋಡಿದ್ದ. ಗುರುವಿನ ಕುತೂಹಲ ಶಿಷ್ಯನ ಕೈಯಲ್ಲಿ ಚಿಕಿತ್ಸೆಯಾಗಲು 44 ವರ್ಷ ಬೇಕಾಯಿತು. ಇವತ್ತು ಮಂಗಳೂರು, ಮಣಿಪಾಲದ ಆಸ್ಪತ್ರೆಗಳಲ್ಲಿ ‘ಕೀಹೋಲ್’ ಅಂತ ಹೇಳುವುದು ಇದೇ ವಿದ್ಯೆಯ ಮೊಮ್ಮಗುವನ್ನು.

ಡಿಸೆಂಬರ್ 26ಕ್ಕೆ ಇಂಗ್ಲೆಂಡಿನಲ್ಲಿ ಸಂಡರ್‌ಲ್ಯಾಂಡ್ ಕ್ಲಬ್ಬಿನ ಬ್ರಯಾನ್ ಕ್ಲಫ್ ಗೋಲ್‌ಕೀಪರಿಗೆ ಡಿಕ್ಕಿ ಹೊಡೆದು ಬಿದ್ದ. ಕ್ರೂಷಿಯೇಟ್ ಹರಿಯಿತು. ಅವನಿಗೆ 27 ವರ್ಷ. 274 ಲೀಗ್ ಮ್ಯಾಚಿನಲ್ಲಿ 251 ಗೋಲು ಹೊಡೆದವನ ಲೆಕ್ಕ ಇದು, ಇವತ್ತಿಗೂ ಕಣ್ಣು ಉಜ್ಜಿಕೊಂಡು ನೋಡುವಂಥದ್ದು. ಒಂದೂವರೆ ವರ್ಷಕ್ಕೂ ಹೆಚ್ಚು ಕಷ್ಟಪಟ್ಟು ಮರಳಿ ಬಂದ, ಮೂರು ಮ್ಯಾಚು ಆಡಿದ, ಅಷ್ಟೇ. 29ಕ್ಕೆ ಆಟ ಮುಗಿಯಿತು. ಮುಂದೆ ಮ್ಯಾನೇಜರ್ ಆಗಿ ನಾಟಿಂಗ್‌ಹ್ಯಾಮ್ ಫಾರೆಸ್ಟಿಗೆ 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್ ಗೆದ್ದುಕೊಟ್ಟ ಕ್ಲಫ್ ಅವನೇ.

ಹರಿದ ಕ್ರೂಷಿಯೇಟನ್ನು ಹೊಲಿಯುವ ಪ್ರಯತ್ನ 1895ರಲ್ಲೇ ಲೀಡ್ಸ್‌ನಲ್ಲಿ ಮೇಯೋ ರಾಬ್ಸನ್ ಮಾಡಿದ್ದ. 1917ರಲ್ಲಿ ಹೇ ಗ್ರೋವ್ಸ್, ತೊಡೆಯ ಪಕ್ಕದ ಪಟ್ಟಿಯೊಂದನ್ನು ತೆಗೆದು ಹೊಸ ಲಿಗಮೆಂಟ್ ಮಾಡಿ ಕೂರಿಸಿದ್ದ. ಅಂದರೆ ಉಪಾಯ ಹೊಳೆದು ಬಹಳ ಕಾಲವಾಗಿತ್ತು. ಆದರೂ ಕ್ಲಫ್ ಕಾಲದ ವೃತ್ತಿ ಆಟಗಾರನಿಗೆ ಅದು ಭರವಸೆಯ ಚಿಕಿತ್ಸೆ ಆಗಿರಲಿಲ್ಲ. ಮಂಡಿಯ ಚಿಪ್ಪಿನ ಕೆಳಗಿನ ಗಟ್ಟಿ ಪಟ್ಟಿಯಿಂದ ಹೊಸ ಎಸಿಎಲ್ ಮಾಡುವ ವಿಧಾನ 1963ರಲ್ಲಿ ಅಮೆರಿಕದಲ್ಲಿ ವರದಿಯಾಯಿತು. ಮಂಡಿ ಸ್ವಲ್ಪ ಮಡಚಿ ಕೈಯಿಂದಲೇ ಎಳೆದು ನೋಡುವ ಲ್ಯಾಕ್‌ಮನ್ ಪರೀಕ್ಷೆ ವೈದ್ಯಪತ್ರಿಕೆಯಲ್ಲಿ ಬಂದದ್ದು 1976ರಲ್ಲಿ. ಎಂಆರ್‌ಐ ಬಂದು ಒಳಗಿನ ಚಿತ್ರ ಕಣ್ಣಿಗೇ ಕಾಣಿಸಿದ್ದು 80ರ ದಶಕದಲ್ಲಿ.

ಆಪರೇಷನ್ ಆಯಿತು, ಆಮೇಲೆ?

ನಮ್ಮ ತಲೆಮಾರಿನವರಿಗೆ ಮಂಡಿ ಎಂದರೆ ಬ್ರೆಜಿಲ್ಲಿನ ರೊನಾಲ್ಡೊ. 1999ರ ನವೆಂಬರಿನಲ್ಲಿ ಇಂಟರ್ ಮಿಲಾನ್ ಪರ ಆಡುವಾಗ ಬಲ ಮಂಡಿಯ ಚಿಪ್ಪಿನ ಕೆಳಗಿನ ಟೆಂಡನ್‌ಗೆ ಪೆಟ್ಟಾಗಿ ಆಪರೇಷನ್ ಆಯಿತು. 2000ದ ಏಪ್ರಿಲ್ 12ರಂದು ರೋಮ್‌ನಲ್ಲಿ ಲಾಜಿಯೊ ಎದುರು ಕಪ್ ಫೈನಲ್ಲಿಗೆ ಬದಲಿ ಆಟಗಾರನಾಗಿ ಇಳಿದ. ಏಳು ನಿಮಿಷವೂ ಆಗಿರಲಿಲ್ಲ. ಚೆಂಡಿನ ಮೇಲೆ ಕಾಲು ಆಡಿಸುತ್ತಾ ಮುನ್ನುಗ್ಗಿದವನು ಯಾರೂ ಮುಟ್ಟದೆ ಕುಸಿದ. ಟೆಂಡನ್ ಪೂರ್ತಿ ಹರಿದಿತ್ತು. ಆ ವಿಡಿಯೊವನ್ನು ನಾನು ಈಗಲೂ ಕೊನೆತನಕ ನೋಡಲಾರೆ.

ಎರಡನೆಯ ಸಲ ಅವಸರ ಮಾಡಲಿಲ್ಲ. ವರ್ಷಕ್ಕೂ ಮಿಕ್ಕಿ ವ್ಯಾಯಾಮ, ನೀರಿನಲ್ಲಿ ನಡಿಗೆ, ಅಂಗುಲ ಅಂಗುಲವಾಗಿ ಮಂಡಿ ಮಡಚುವ ಅಭ್ಯಾಸ. 2002ರ ವಿಶ್ವಕಪ್ಪಿನಲ್ಲಿ 8 ಗೋಲು, ಫೈನಲ್ಲಿನಲ್ಲಿ ಜರ್ಮನಿ ಎದುರಿನ ಎರಡೂ ಅವನದ್ದೇ. ಕಾಸರಗೋಡಿನಿಂದ ಉಳ್ಳಾಲದವರೆಗೆ ವಿಶ್ವಕಪ್ ಬಂದಾಗಲೆಲ್ಲ ಹಳದಿ ಫ್ಲೆಕ್ಸು ಏಳುವುದರಲ್ಲಿ ಆ ಮಂಡಿಯ ಪಾಲೂ ಇದೆ.

ರೊನಾಲ್ಡೊನ ಕಥೆ ಗೆಲುವಿನ ಕಥೆ. ಹಾಗಾಗಿ ಎಲ್ಲರೂ ಹೇಳುತ್ತಾರೆ. ದೀರ್ಘಕಾಲದ ಮಂಡಿನೋವನ್ನು ನಿಭಾಯಿಸುವುದು ಅಂದರೇನು ಅಂತ ಕಲಿಯಬೇಕಾದರೆ ನೋಡಬೇಕಾದವನು ಲೆಡ್ಲಿ ಕಿಂಗ್. ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ಬಿನ ಡಿಫೆಂಡರ್, ಜೀವಮಾನವಿಡೀ ಅದೊಂದೇ ಕ್ಲಬ್ಬು. ಅವನ ಎಡ ಮಂಡಿಯಲ್ಲಿ ಕಾರ್ಟಿಲೇಜ್ ಬಹುತೇಕ ಮುಗಿದೇ ಹೋಗಿತ್ತು. ಆಪರೇಷನ್‌ಗಳಾದವು, ಗುಣ ಆಗಲಿಲ್ಲ. ಗುಣ ಆಗುವುದಿಲ್ಲ ಅಂತ ಒಪ್ಪಿಕೊಂಡಲ್ಲಿಂದ ನಿಭಾವಣೆ ಶುರುವಾಯಿತು.

ಹೇಗೆ? ವಾರವಿಡೀ ತಂಡದ ಜೊತೆ ಅಭ್ಯಾಸ ಇಲ್ಲ. ಬೇರೆಯವರು ಮೈದಾನದಲ್ಲಿ ಓಡುವಾಗ ಇವನು ಈಜುಕೊಳದಲ್ಲಿ, ಜಿಮ್ಮಿನಲ್ಲಿ. ಮಂಡಿಗೆ ಹೊರೆ ಬೀಳದೆ ಉಸಿರಿನ ಶಕ್ತಿ ಉಳಿಯಬೇಕು, ತೊಡೆಯ ಬಲ ಉಳಿಯಬೇಕು. ಮ್ಯಾಚು ಮುಗಿದ ಮೇಲೆ ಮಂಡಿ ಊದಿಕೊಳ್ಳುತ್ತಿತ್ತು. ಅದು ಇಳಿಯಲು ದಿನಗಳು ಬೇಕು. ಹಾಗಾಗಿ ವಾರಕ್ಕೆ ಎರಡು ಮ್ಯಾಚು ಬಂದರೆ ಒಂದನ್ನು ಬಿಡುವುದು. ಆಗಿನ ಮ್ಯಾನೇಜರ್ ಹ್ಯಾರಿ ರೆಡ್‌ನ್ಯಾಪ್ ಈ ಏರ್ಪಾಡನ್ನು ಎಲ್ಲರೆದುರೇ ಒಪ್ಪಿಕೊಂಡಿದ್ದರು. 2008ರಲ್ಲಿ ಲೀಗ್ ಕಪ್ ಎತ್ತಿದ ನಾಯಕ ಕಿಂಗ್. 2009-10ರಲ್ಲಿ ಟಾಟನ್‌ಹ್ಯಾಮ್ ನಾಲ್ಕನೇ ಸ್ಥಾನ ಪಡೆದು ಮೊದಲ ಬಾರಿ ಚಾಂಪಿಯನ್ಸ್ ಲೀಗ್ ಹೊಸ್ತಿಲಿಗೆ ಬಂದಾಗಲೂ ಇದ್ದ. ಆ ವರ್ಷವೇ ಇಂಗ್ಲೆಂಡ್ ತಂಡ ಅವನನ್ನು ವಿಶ್ವಕಪ್ಪಿಗೆ ಕರೆದೊಯ್ದಿತು. ಮೊದಲ ಮ್ಯಾಚಿನ ಅರ್ಧದಲ್ಲೇ ತೊಡೆಸಂದಿಯ ಸ್ನಾಯು ಕೈಕೊಟ್ಟಿತು. 2012ರ ಜುಲೈಯಲ್ಲಿ, 31ನೇ ವಯಸ್ಸಿಗೆ, 323 ಮ್ಯಾಚುಗಳ ನಂತರ ಸಾಕು ಅಂದ.

ಆಪರೇಷನ್ನು, ಸೂಜಿ, ಮದ್ದು ಇವನಿಗೂ ಇದ್ದವು. ಆದರೆ ಅವನ ಆಟವನ್ನು ಅಷ್ಟು ವರ್ಷ ಉಳಿಸಿದ್ದು ಲೆಕ್ಕ. ಈ ವಾರ ಎಷ್ಟು ಹೊರೆ, ಎಷ್ಟು ವಿಶ್ರಾಂತಿ, ಎಷ್ಟು ಊತ, ಯಾವ ಮ್ಯಾಚು ಬಿಡಬೇಕು. ಆ ಲೆಕ್ಕ ಇಡಲು ಒಬ್ಬ ಫಿಸಿಯೊ, ಕೇಳಲು ಒಬ್ಬ ಮ್ಯಾನೇಜರ್, ಆಡದ ವಾರವೂ ಸಂಬಳ ಕೊಡುವ ಒಂದು ಕಾಂಟ್ರಾಕ್ಟು. ಮೂರರಲ್ಲಿ ಒಂದು ತಪ್ಪಿದರೂ ಲೆಡ್ಲಿ ಕಿಂಗ್ ಇಲ್ಲ.

ಹೊಸ ಅಧ್ಯಯನಗಳೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತವೆ. ಎಸಿಎಲ್ ಆಪರೇಷನ್ ಆದವರು ಒಂಬತ್ತು ತಿಂಗಳ ಮೊದಲೇ ಆಟಕ್ಕೆ ಮರಳಿದರೆ ಮತ್ತೆ ಪೆಟ್ಟಾಗುವ ಸಂಭವ ಬಹಳ ಹೆಚ್ಚು ಅಂತ 2016ರ ಒಂದು ಅಧ್ಯಯನ ತೋರಿಸಿತು. ಯುರೋಪಿನ ವೃತ್ತಿ ಆಟಗಾರರಲ್ಲಿ ಎಸಿಎಲ್ ಹರಿದವರು ಬಹುತೇಕ ಎಲ್ಲರೂ ಆಟಕ್ಕೆ ಮರಳುತ್ತಾರೆ, ಆದರೆ ಮೂರು ವರ್ಷದ ನಂತರವೂ ಅದೇ ಎತ್ತರದಲ್ಲಿ ಆಡುವವರು ಸುಮಾರು ಶೇ. 65 ಮಾತ್ರ. ಆಟ ಬಿಟ್ಟ ಮೇಲಿನ ಲೆಕ್ಕವೂ ಇದೆ. ಬ್ರಿಟನ್ನಿನ ಮಾಜಿ ವೃತ್ತಿ ಆಟಗಾರರಲ್ಲಿ ಮಂಡಿ ಸವೆತ ಸಾಮಾನ್ಯ ಗಂಡಸರಿಗಿಂತ ಎರಡರಿಂದ ಮೂರು ಪಟ್ಟು ಹೆಚ್ಚು ಅಂತ ನಾಟಿಂಗ್‌ಹ್ಯಾಮಿನ ಸಂಶೋಧಕರು 2018ರಲ್ಲಿ ವರದಿ ಮಾಡಿದರು.

ನಮ್ಮಲ್ಲೂ ದೊಡ್ಡ ಕ್ಲಬ್ಬಿನ ಆಟಗಾರರಿಗೆ ಈಗ ಈ ವ್ಯವಸ್ಥೆ ತಕ್ಕಮಟ್ಟಿಗೆ ಸಿಗುತ್ತಿದೆ. ಬೆಂಗಳೂರು ಎಫ್‌ಸಿಯಲ್ಲಿ ನಮ್ಮ ಕಣ್ಣೆದುರು ಆಡಿದ ಮಲಪ್ಪುರಂನ ಆಶಿಕ್ ಕುರುಣಿಯನ್, ಮೋಹನ್ ಬಗಾನ್‌ಗೆ ಹೋದ ಮೇಲೆ, 2023ರ ಸೆಪ್ಟೆಂಬರಿನಲ್ಲಿ ಥಾಯ್ಲೆಂಡಿನ ಕಿಂಗ್ಸ್ ಕಪ್‌ನಲ್ಲಿ ದೇಶಕ್ಕಾಗಿ ಆಡುವಾಗ ಎಸಿಎಲ್ ಹರಿದುಕೊಂಡ. ಆ ಸೀಸನ್ ಪೂರ್ತಿ ಹೋಯಿತು. ಮುಂದಿನ ಸೀಸನ್ನಿನಲ್ಲಿ ಮರಳಿ ಬಂದ. ಕ್ಲಫ್‌ಗೆ 1962ರಲ್ಲಿ ಸಿಗದೇ ಇದ್ದದ್ದು ಇವನಿಗೆ ಸಿಕ್ಕಿತು.

ಮ್ಯಾಚಿಗಿಷ್ಟು ಅಂತ ಆಡುವವರು

ಆದರೆ ಕಬಕದಿಂದ ದಕ್ಷಿಣಕ್ಕೆ ಗಡಿ ದಾಟಿದರೆ ಇನ್ನೊಂದು ಫುಟ್‌ಬಾಲ್ ಲೋಕ ಇದೆ. ಮಲಬಾರಿನ ಸೆವೆನ್ಸ್. ತಂಡಕ್ಕೆ ಏಳು ಜನ, ಸಣ್ಣ ಮೈದಾನ, ಅಡಿಕೆ ಮರದ ಕಂಬ ಕಟ್ಟಿದ ಗ್ಯಾಲರಿ, ರಾತ್ರಿಯ ಫ್ಲಡ್‌ಲೈಟು, ಮಳೆ ನಿಂತ ಮೇಲಿಂದ ಮತ್ತೆ ಮಳೆ ಬರುವವರೆಗೆ ಹೆಚ್ಚುಕಡಿಮೆ ದಿನಾ ಒಂದು ಊರಿನಲ್ಲಿ ಮ್ಯಾಚು. ಆಫ್ರಿಕಾದಿಂದ ಬಂದ ಆಟಗಾರರೂ ಇರುತ್ತಾರೆ. ‘ಸುಡಾನಿ ಫ್ರಮ್ ನೈಜೀರಿಯಾ’ ನೋಡಿದ್ದರೆ ನಿಮಗೆ ಈ ಲೋಕ ಗೊತ್ತು. ಅದರಲ್ಲಿ ಕಾಲು ಮುರಿದ ಆಟಗಾರನನ್ನು ಮ್ಯಾನೇಜರ್ ತನ್ನ ಮನೆಗೇ ಕರೆದುಕೊಂಡು ಹೋಗುತ್ತಾನೆ, ತಾಯಿ ನೋಡಿಕೊಳ್ಳುತ್ತಾಳೆ. ಸಿನಿಮಾ ನೋಡಿ ಕಣ್ಣು ಒದ್ದೆಯಾಗುತ್ತದೆ, ನಿಜ. ಆದರೆ ಅಲ್ಲಿ ಕಾಂಟ್ರಾಕ್ಟು ಇಲ್ಲ, ವಿಮೆ ಇಲ್ಲ, ಫಿಸಿಯೊ ಇಲ್ಲ. ಇದ್ದದ್ದು ಒಬ್ಬ ಒಳ್ಳೆಯ ಮನುಷ್ಯ ಮತ್ತು ಅವನ ಅಮ್ಮ. ಎಲ್ಲ ಆಟಗಾರನಿಗೂ ಅವರು ಸಿಗುತ್ತಾರಾ?

ಸೆವೆನ್ಸ್‌ನಲ್ಲಿ ದುಡ್ಡು ಮ್ಯಾಚಿನ ಲೆಕ್ಕ. ಆಡಿದರೆ ಉಂಟು, ಆಡದಿದ್ದರೆ ಇಲ್ಲ. ‘ಇವತ್ತು ಆಡುವುದು ಬೇಡ’ ಅಂತ ಯಾರಾದರೂ ಹೇಳಿದರೆ ಅದರ ಅರ್ಥ ‘ಇವತ್ತು ಸಂಬಳ ಬೇಡ’ ಅಂತ.

ನಮ್ಮ ನೆರೆಕರೆಯಲ್ಲೇ ಒಬ್ಬರು ಅಣ್ಣ ಇದ್ದಾರೆ. ಚಿಕ್ಕಂದಿನಲ್ಲಿ ನಮಗೆಲ್ಲ ಹೀರೊ. ಬೇಸಗೆಯಲ್ಲಿ ಗಡಿಯಾಚೆ ಸೆವೆನ್ಸ್, ಉಳಿದ ಸಮಯ ಊರೂರಿನ ಕಬಡ್ಡಿ, ಹಗಲಿಗೆ ಅಡಿಕೆ ಮರ ಹತ್ತುವ ಕೆಲಸ. ಮೂರಕ್ಕೂ ಬೇಕಾದದ್ದು ಮಂಡಿ. ಇಪ್ಪತ್ತನಾಲ್ಕಕ್ಕೆ ಒಂದು ಸಲ ‘ಟಪ್’ ಅಂತ ಸದ್ದು ಬಂತಂತೆ. ರಾತ್ರಿ ಊದಿಕೊಂಡಿತು, ಮೂರು ವಾರದಲ್ಲಿ ಇಳಿಯಿತು, ನಡೆಯಲು ತೊಂದರೆ ಇಲ್ಲ. ಸರಿ ಆಯಿತು ಅಂತ ಎಲ್ಲರೂ ಅಂದುಕೊಂಡರು. ಆಮೇಲೆ ತಿರುಗುವಾಗೆಲ್ಲ ಮಂಡಿ ಸರಕ್ಕನೆ ಜಾರುವುದು ಶುರುವಾಯಿತು. ಈಚೆಗೆ ಸಿಕ್ಕಿದಾಗ ಕೇಳಿದೆ, ‘ಅಷ್ಟು ನೋವಿದ್ದರೂ ಹೇಗೆ ಆಡಿದ್ರಿ ಅಣ್ಣ?’

‘ನೋವು ಎಲ್ಲಿ ಮಾರಾಯ? ಒಮ್ಮೆ ಜಾರ್ತದೆ, ಮತ್ತೆ ತಾನೇ ಕೂರ್ತದೆ. ಒಂದು ನೀಕ್ಯಾಪು ಹಾಕಿದ್ರೆ ಆಯ್ತು. ಆಡುದಿಲ್ಲ ಅಂದ್ರೆ ಮರುದಿನ ಬೇರೆಯವನನ್ನು ಕರೀತಾರೆ. ಮತ್ತೆ ನಮ್ಮನ್ನು ಕರೀಲಿಕ್ಕೆ ಉಂಟಾ?’

ಈ ‘ಜಾರ್ತದೆ, ಕೂರ್ತದೆ’ ಅನ್ನುವುದರಲ್ಲೇ ಇಡೀ ಸಮಸ್ಯೆ ಇದೆ. ಎಸಿಎಲ್ ಇಲ್ಲದ ಮಂಡಿ ಪ್ರತಿ ಸಲ ಜಾರುವಾಗಲೂ ಮೆನಿಸ್ಕಸ್ ಅರೆಯುತ್ತದೆ. ಹರಿದ ದಿನದ ಪೆಟ್ಟಿಗಿಂತ ಆಮೇಲಿನ ನಾಲ್ಕು ವರ್ಷದ ಅರೆತ ದೊಡ್ಡದು. ಅಣ್ಣನಿಗೆ ಈಗ ಐವತ್ತೂ ಆಗಿಲ್ಲ. ಜಾತ್ರೆಯ ಊಟಕ್ಕೆ ಎಲ್ಲರೂ ನೆಲದಲ್ಲಿ ಸಾಲಾಗಿ ಕೂತರೆ ಅವರಿಗೆ ಒಂದು ಕುರ್ಚಿ ಬೇಕು. ಮರ ಹತ್ತುವುದು ನಿಂತು ವರ್ಷಗಳಾದವು. ಅವರ ಹೆಸರು ಯಾವ ಗಾಯದ ಪಟ್ಟಿಯಲ್ಲೂ ಬಂದಿಲ್ಲ, ಯಾವ ಅಧ್ಯಯನದ ಶೇಕಡಾವಾರು ಲೆಕ್ಕದಲ್ಲೂ ಇಲ್ಲ.

ಲೆಡ್ಲಿ ಕಿಂಗ್‌ನ ಮಂಡಿಗೂ ಈ ಅಣ್ಣನ ಮಂಡಿಗೂ ಒಳಗಿನ ಸವೆತದಲ್ಲಿ ದೊಡ್ಡ ವ್ಯತ್ಯಾಸ ಇರಲಿಕ್ಕಿಲ್ಲ. ವ್ಯತ್ಯಾಸ ಇದ್ದದ್ದು ಹೊರಗೆ. ಒಬ್ಬನಿಗೆ ಆಡದ ದಿನದ ಸಂಬಳ ಇತ್ತು, ಇನ್ನೊಬ್ಬರಿಗೆ ಇರಲಿಲ್ಲ.

ಹಾಗಾದರೆ ನಾವು?

ಇದನ್ನು ಓದುತ್ತಿರುವ ನೀವು ಬಹುಶಃ ಈ ಇಬ್ಬರ ನಡುವೆ ಎಲ್ಲೋ ಇದ್ದೀರಿ. ಬುಧವಾರ ರಾತ್ರಿ ಹತ್ತಕ್ಕೆ ಟರ್ಫ್ ಬುಕ್ ಮಾಡಿ, ದಿನವಿಡೀ ಕುರ್ಚಿಯಲ್ಲಿ ಕೂತ ಕಾಲನ್ನು ವಾರ್ಮಪ್ ಇಲ್ಲದೆ ನೇರ ಕೃತಕ ಹುಲ್ಲಿಗೆ ಇಳಿಸುವವರು. ನಿಮಗೆ ಆಡದ ದಿನವೂ ಸಂಬಳ ಬರುತ್ತದೆ, ಕಂಪನಿಯ ಇನ್ಶೂರೆನ್ಸ್ ಇದೆ. ಆದರೂ ‘ಒಬ್ಬ ಕಮ್ಮಿ ಇದ್ದಾನೆ, ಬಾರೋ’ ಅಂತ ಗ್ರೂಪಿನಲ್ಲಿ ಮೆಸೇಜ್ ಬಂದರೆ ನೀಕ್ಯಾಪ್ ಏರಿಸಿಕೊಂಡು ಹೋಗುತ್ತೀರಿ.

ಎಪ್ಪತ್ತು ಎಂಬತ್ತು ವರ್ಷದ ಈ ಇತಿಹಾಸ ಕಲಿಸಿದ್ದು ಬಹಳ ಇಲ್ಲ. ತಿರುಚಿದ ಮಂಡಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಅದನ್ನು ಸುಮ್ಮನೆ ಉಳುಕು ಅನ್ನಬೇಡಿ, ಕೀಲಿನ ಡಾಕ್ಟರಿಗೆ ತೋರಿಸಿ. ನಡೆಯಲು ಬರುತ್ತದೆ ಅನ್ನುವುದು ತಿರುಗಲು ಬರುತ್ತದೆ ಅನ್ನುವುದಕ್ಕೆ ಪುರಾವೆ ಅಲ್ಲ. ಆಪರೇಷನ್ ಬೇಕೋ ಬೇಡವೋ ಡಾಕ್ಟರು ಹೇಳಲಿ, ಬೇಡ ಅಂದರೂ ತೊಡೆಯ ಮುಂದಿನ ಹಿಂದಿನ ಸ್ನಾಯು ಗಟ್ಟಿ ಮಾಡುವ ಕೆಲಸ ತಿಂಗಳುಗಟ್ಟಲೆ ಇದ್ದೇ ಇದೆ. ಫಿಫಾದ ‘11+’ ಎನ್ನುವ ವಾರ್ಮಪ್ಪಿಗೆ ಚೆಂಡು ಸಾಕು, ಇಪ್ಪತ್ತು ನಿಮಿಷ ಸಾಕು. ವಾರಕ್ಕೆ ಎರಡು ಸಲವಾದರೂ ಬಿಡದೆ ಮಾಡಿದ ತಂಡಗಳಲ್ಲಿ ಗಾಯಗಳು ಕಡಿಮೆಯಾದದ್ದು ಸಾಬೀತಾಗಿದೆ. ಹೆಣ್ಣುಮಕ್ಕಳ ತಂಡಗಳಿಗಂತೂ ಇದು ಇನ್ನೂ ಮುಖ್ಯ, ಅವರಿಗೆ ಎಸಿಎಲ್ ಹರಿಯುವ ಅಪಾಯ ಗಂಡಸರಿಗಿಂತ ಎರಡು ಮೂರು ಪಟ್ಟು.

ಊರಿನ ಯುವಕ ಮಂಡಲಗಳ ಟೂರ್ನಮೆಂಟಿಗೆ ನಾವೆಲ್ಲ ದೇಣಿಗೆ ಕಳಿಸುತ್ತೇವೆ. ಟ್ರೋಫಿಗೆ ನಮ್ಮ ಅಪ್ಪನದೋ ಅಜ್ಜನದೋ ಹೆಸರು ಹಾಕಿಸುತ್ತೇವೆ. ಇನ್ನು ಮುಂದೆ ಅದರಲ್ಲಿ ಒಂದು ಪಾಲು ಆಟಗಾರರ ಒಂದು ದಿನದ ವಿಮೆಗೆ, ಅಂಕಣದ ಬದಿಯಲ್ಲಿ ಒಬ್ಬ ಫಿಸಿಯೊ ಕೂರಿಸುವುದಕ್ಕೆ ಅಂತ ಹೇಳಿ ಕೊಡಬಹುದಲ್ಲ? ಟ್ರೋಫಿ ಅರ್ಧ ಅಡಿ ಗಿಡ್ಡ ಆದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಂಡಿ ಜಾರಿದ ಹುಡುಗನಿಗೆ ‘ಇವತ್ತು ಆಡುವುದು ಬೇಡ, ನಿನ್ನ ದುಡ್ಡು ನಿನಗೆ ಉಂಟು’ ಅಂತ ಹೇಳಲು ಅಲ್ಲಿ ಒಬ್ಬರು ಇರಬೇಕು, ಅಷ್ಟೇ.